ಅಕ್ಷರ ಒಂದೇ ಆದರೆ ಬೇರೂ ಒಂದೇ ಎನ್ನಬೇಡಿ

ಮಾನ್ಯ ಸಂಪಾದಕರಿಗೆ,

ಹತ್ತನೇ ತರಗತಿಯ ಮಕ್ಕಳಿಗಾಗಿ ತಮ್ಮ ಪತ್ರಿಕೆ ತರುತ್ತಿರುವ ಪುಟದಿಂದ ಮುಂಬೈಯ ಕನ್ನಡ ಶಾಲೆಗಳಿಗೆ ಬಹಳ ಉಪಕಾರವಾಗಿದೆ. ಆದರೆ ಈಚೆಗೆ ಅಲ್ಲಿ ಬಂದ ಇಂಗ್ಲಿಷ್ ಪದಗಳ ಬೇರಿನ ಪಟ್ಟಿಯ ಬಗ್ಗೆ ಒಂದು ತಕರಾರು ಇದೆ. ‘ದೊಡ್ಡ ಪದದೊಳಗೆ ಚಿಕ್ಕ ಪದ ಹುಡುಕಿ, ಅರ್ಥ ತಾನಾಗಿ ಹೊಳೆಯುತ್ತದೆ’ ಎಂಬ ಅದರ ಸಲಹೆ ಅರ್ಧ ಮಾತ್ರ ನಿಜ. ಉಳಿದ ಅರ್ಧ ಮಕ್ಕಳ ಮಾರ್ಕು ಕಳೆಯುವಂಥದ್ದು. ಸ್ಪೆಲ್ಲಿಂಗಿನಲ್ಲಿ ಮೂರು ಅಕ್ಷರ ಹೊಂದಿದ ಮಾತ್ರಕ್ಕೆ ಪದಗಳು ನೆಂಟರಾಗುವುದಿಲ್ಲ.

ಪಿ-ಎ-ಎನ್ ಅನ್ನೇ ತೆಗೆದುಕೊಳ್ಳಿ. ‘ಪ್ಯಾನ್ ಎಂದರೆ ಎಲ್ಲ’ ಎಂದು ಪಟ್ಟಿ ಹೇಳುತ್ತದೆ. ಪ್ಯಾಂಡೆಮಿಕ್, ಪ್ಯಾನೊರಮಾ, ಪ್ಯಾನೇಸಿಯಾ ಪದಗಳಿಗೆ ಇದು ಸರಿ. ಮೂರೂ ಗ್ರೀಕ್ ಮೂಲದವು: ಸಮಸ್ತ ಜನಕ್ಕೆ ಹಬ್ಬುವ ರೋಗ, ಸಮಸ್ತವನ್ನೂ ಕಾಣಿಸುವ ನೋಟ, ಸಕಲ ರೋಗಕ್ಕೂ ಒಂದೇ ಮದ್ದು. ಒಲೆಯ ಮೇಲಿಡುವ ಪ್ಯಾನ್ ಮಾತ್ರ ಹಳೆಯ ಇಂಗ್ಲಿಷಿನ ‘ಪನ್ನೆ’. ಅದಕ್ಕೂ ‘ಸಮಸ್ತ’ಕ್ಕೂ ಏನೂ ಸಂಬಂಧವಿಲ್ಲ. ಪ್ಯಾನಿಕ್ ಬಂದದ್ದು ಪ್ಯಾನ್ ಎಂಬ ದೇವತೆಯ ಹೆಸರಿನಿಂದ; ಕಾರಣವಿಲ್ಲದೆ ಹುಟ್ಟುವ ದಿಗಿಲು ಅವನದೇ ಕಿತಾಪತಿ ಎಂದು ಗ್ರೀಕರ ನಂಬಿಕೆ. ಪ್ಯಾನೆಲ್‌ನಲ್ಲಿರುವುದು ಲ್ಯಾಟಿನಿನ ‘ಪನ್ನುಸ್’, ಬಟ್ಟೆಯ ತುಂಡು. ಎಕ್ಸ್‌ಪ್ಯಾಂಡ್‌ನಲ್ಲಿರುವುದು ‘ಹರಡು’ ಎಂಬ ಅರ್ಥದ ಬೇರೆಯೇ ಲ್ಯಾಟಿನ್ ಧಾತು. ಆದಾಯ ತೆರಿಗೆಯ ಪ್ಯಾನ್ ಕಾರ್ಡಿನದು ಮೂರು ಪದಗಳ ಮೊದಲಕ್ಷರ, ಅಷ್ಟೇ. ಎಲೆ ಅಡಿಕೆಯ ಪಾನ್ ಅನ್ನೂ ಇಂಗ್ಲಿಷಿನಲ್ಲಿ ಕೆಲವರು ಇದೇ ಮೂರು ಅಕ್ಷರದಲ್ಲಿ ಬರೆಯುತ್ತಾರೆ. ಅದು ಸಂಸ್ಕೃತದ ಪರ್ಣ. ಎಲೆಗೂ ಪುಸ್ತಕದ ಪುಟಕ್ಕೂ ಮರಾಠಿಯಲ್ಲಿ ಪಾನ ಎನ್ನುವುದು ನಮ್ಮ ಮಕ್ಕಳಿಗೆ ಗೊತ್ತು. ಕುಡಿಯುವ ಪಾನದೊಂದಿಗೆ ಅವರು ಅದನ್ನು ಎಂದೂ ಕಲಸಿಕೊಳ್ಳುವುದಿಲ್ಲ.

ಇನ್ನು ಪ್ಯಾಂಟ್ರಿ. ಊರಿಗೆ ಹೋಗುವ ರೈಲಿನಲ್ಲಿ ಪ್ಯಾಂಟ್ರಿ ಕಾರ್ ನೋಡಿದವರು ‘ಪ್ಯಾನ್ ಇಡುವ ಜಾಗ’ ಎಂದುಕೊಳ್ಳುವುದು ಸಹಜ. ಹಾಗಲ್ಲ. ಲ್ಯಾಟಿನಿನಲ್ಲಿ ರೊಟ್ಟಿಗೆ ‘ಪಾನಿಸ್’; ರೊಟ್ಟಿ ಇಡುವ ಕೋಣೆಯ ಹೆಸರು ಫ್ರೆಂಚ್ ಹಾದಿಯಿಂದ ಬಂದು ಪ್ಯಾಂಟ್ರಿ ಆಯಿತು. ಕಂಪನಿಯಲ್ಲಿರುವುದೂ ಅದೇ ರೊಟ್ಟಿ: ‘ಕೊಂ’ ಎಂದರೆ ಜೊತೆ, ರೊಟ್ಟಿ ಹಂಚಿಕೊಂಡು ಉಣ್ಣುವವರು ಕಂಪ್ಯಾನಿಯನ್. ಅದೇ ಪಾನಿಸ್ ಪೋರ್ಚುಗೀಸರ ಬಾಯಲ್ಲಿ ‘ಪಾಂವ್’ ಆಗಿ ಗೋವೆಗೆ, ಮುಂಬೈಗೆ ಬಂದಿಳಿಯಿತು. ವಡಾಪಾವಿನ ಪಾವ್ ಕಂಪನಿಗೆ ನೆಂಟ, ಫ್ರೈಯಿಂಗ್ ಪ್ಯಾನಿಗೆ ಅಲ್ಲ. ಇದನ್ನು ಒಮ್ಮೆ ಹೇಳಿದರೆ ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ. ಪಟ್ಟಿಯಲ್ಲಿ ಪಾವಿಗೆ ಜಾಗವೇ ಇರಲಿಲ್ಲ ಎನ್ನುವುದು ನನ್ನ ಬೇಸರ.

ಸಿ-ಎ-ಟಿ ಕಂಡಲ್ಲೆಲ್ಲ ಬೆಕ್ಕು ಹುಡುಕುವುದು ಇನ್ನೊಂದು ಚಟ. ಕ್ಯಾಟರ್‌ಪಿಲ್ಲರ್‌ನಲ್ಲಿ ಬೆಕ್ಕು ನಿಜವಾಗಿಯೂ ಇದೆ. ಹಳೆಯ ಫ್ರೆಂಚಿನಲ್ಲಿ ಕಂಬಳಿಹುಳಕ್ಕೆ ‘ರೋಮದ ಬೆಕ್ಕು’ ಎಂದೇ ಹೆಸರು. ಕ್ಯಾಟಲಾಗ್, ಕ್ಯಾಟಗರಿ, ಕೆಥೆಡ್ರಲ್, ಕ್ಯಾಟರ‍್ಯಾಕ್ಟ್ ಇವುಗಳಲ್ಲಿ ಇರುವುದು ಗ್ರೀಕಿನ ‘ಕಟಾ’ ಎಂಬ ಉಪಸರ್ಗ. ಕೆಳಗೆ, ಎದುರಾಗಿ, ಪೂರ್ತಿಯಾಗಿ ಎಂದು ಅದಕ್ಕೆ ಹಲವು ಛಾಯೆ. ಕ್ಯಾಟರ‍್ಯಾಕ್ಟ್ ಎಂದರೆ ಮೇಲಿನಿಂದ ಧುಮುಕುವುದು. ಆದ್ದರಿಂದ ಜಲಪಾತಕ್ಕೂ ಅದೇ ಪದ, ಕಣ್ಣಿಗೆ ಬರುವ ಪೊರೆಗೂ ಅದೇ. ಕ್ಯಾಟಲ್ ಎಂದರೆ ಮೊದಲು ದನವಲ್ಲ, ಆಸ್ತಿ. ಲ್ಯಾಟಿನಿನ ‘ಕಪಿತಾಲೆ’ ಅದರ ಮೂಲ, ಕ್ಯಾಪಿಟಲ್ ಅದರ ಸ್ವಂತ ಅಣ್ಣ. ಕೇಟರಿಂಗ್ ಮಾಡುವ ನಮ್ಮವರು ಮುಂಬೈಯಲ್ಲಿ ಸಾವಿರಾರು ಮಂದಿ ಇದ್ದಾರೆ. ಕೇಟರರ್ ಎಂದರೆ ಮೂಲತಃ ‘ಕೊಳ್ಳುವವನು’, ದೊಡ್ಡಮನೆಗೆ ದಿನಸಿ ತರುವ ನೌಕರ. ಅಡುಗೆ ಆಮೇಲೆ ಸೇರಿತು. ಇನ್ನು ಕಟಮರಾನ್ ಎಂಬ ದೋಣಿ ತಮಿಳಿನ ಕಟ್ಟುಮರಂ; ಕಟ್ಟು, ಮರ ಎರಡೂ ಕನ್ನಡದಲ್ಲೂ ಇರುವಾಗ ಅಲ್ಲಿ ಬೆಕ್ಕಿಗೇನು ಕೆಲಸ? ವೆಕೇಶನ್, ಎಜುಕೇಶನ್ ಪದಗಳಲ್ಲಿ ಈ ಮೂರು ಅಕ್ಷರ ಅಕ್ಕಪಕ್ಕ ಬಂದದ್ದು ಬರೀ ಆಕಸ್ಮಿಕ, ಪದದ ಕೀಲು ಬಿದ್ದಿರುವುದು ಸಿ ಮತ್ತು ಎ ಅಕ್ಷರಗಳ ನಡುವೆ. ಅಲ್ಲಿ ಬೆಕ್ಕು ಹುಡುಕುವುದೆಂದರೆ ಮದನನೊಳಗೆ ದನ ಹುಡುಕಿದ ಹಾಗೆ.

ಪರೀಕ್ಷೆಯಲ್ಲಿ ಹೆಚ್ಚು ಹಾನಿ ಮಾಡುವುದು ಪಿ-ಇ-ಡಿ. ‘ಪೆಡ್ ಎಂದರೆ ಕಾಲು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಪೆಡಲ್, ಪೆಡೆಸ್ಟ್ರಿಯನ್, ಪೆಡಿಕ್ಯೂರ್, ಇಂಪೀಡ್ ಇವು ಲ್ಯಾಟಿನಿನ ಕಾಲಿನವೇ. ಆದರೆ ಪೀಡಿಯಾಟ್ರಿಕ್ಸ್, ಎನ್‌ಸೈಕ್ಲೋಪೀಡಿಯಾ, ಪೆಡಗಾಗಿ (ಬೋಧನಕ್ರಮ) ಇವುಗಳ ಮೂಲ ಮಗು ಎಂಬ ಅರ್ಥದ ಗ್ರೀಕ್ ‘ಪೈಸ್, ಪೈದೊಸ್’. ಬ್ರಿಟಿಷ್ ಸ್ಪೆಲ್ಲಿಂಗಿನಲ್ಲಿ ಮಕ್ಕಳ ವೈದ್ಯಕ್ಕೆ ಪಿ ಆದ ಮೇಲೆ ಎ, ಇ ಎರಡೂ ಬರುತ್ತವೆ. ಆ ಎ ಕಂಡರೆ ಮಗು ಎಂದು ಗುರುತಿಸಬಹುದು. ಅಮೆರಿಕದ ಸ್ಪೆಲ್ಲಿಂಗ್ ಅದನ್ನು ಅಳಿಸಿಹಾಕಿದೆ, ಪೆಡಗಾಗಿಯಲ್ಲಿ ಬ್ರಿಟಿಷರೂ ಬಿಟ್ಟಿದ್ದಾರೆ. ಆದ್ದರಿಂದ ಎ ಇಲ್ಲ ಎಂದ ಕೂಡಲೇ ಕಾಲು ಎನ್ನುವ ಹಾಗಿಲ್ಲ. ಆರ್ಥೋಪೀಡಿಕ್ಸ್ ನೋಡಿ. ಮೂಳೆ ಡಾಕ್ಟರು ಕಾಲಿಗೂ ಪಟ್ಟಿ ಹಾಕುವುದರಿಂದ ಎಲ್ಲರೂ ಅದನ್ನು ಕಾಲಿನ ಪದ ಎಂದೇ ತಿಳಿಯುತ್ತಾರೆ. 1741ರಲ್ಲಿ ಫ್ರೆಂಚ್ ವೈದ್ಯ ನಿಕೊಲಾ ಆಂದ್ರಿ ಅದನ್ನು ಕಟ್ಟಿದ್ದು ‘ನೆಟ್ಟಗೆ’ ಮತ್ತು ‘ಮಗು’ ಎಂಬ ಎರಡು ಗ್ರೀಕ್ ಪದ ಕೂಡಿಸಿ; ಮಕ್ಕಳ ಅಂಗದ ಡೊಂಕು ತಿದ್ದುವುದು ಅವನ ಪುಸ್ತಕದ ವಿಷಯ. ಗೂಟಕ್ಕೆ ಹಗ್ಗದಿಂದ ಕಟ್ಟಿದ ಡೊಂಕು ಮರದ ಚಿತ್ರ ಇಂದಿಗೂ ಆ ವಿಭಾಗದ ಲಾಂಛನ. ಅದನ್ನು ತೋರಿಸಿದರೆ ಪದ ಅರ್ಥವಾದಂತೆಯೇ.

ಸ್ಟ್ಯಾಂಪೀಡ್‌ನದು ಇನ್ನೂ ತಮಾಷೆ. ಕನ್ನಡದ ಕಾಲ್ತುಳಿತದಲ್ಲಿ ಕಾಲು ಇದೆ, ಇಂಗ್ಲಿಷ್ ಪದದಲ್ಲಿ ಪಿ-ಇ-ಡಿ ಇದೆ, ಆದರೂ ಆ ಪಿ-ಇ-ಡಿ ಕಾಲಲ್ಲ. ಅದು ಸ್ಪ್ಯಾನಿಷಿನ ‘ಎಸ್ತಂಪಿದಾ’, ಗದ್ದಲ, ಅಬ್ಬರ. ಅದರ ಮೂಲಧಾತು ಸ್ಟ್ಯಾಂಪ್‌ನ ಕಡೆಯದು; ಪಿ ಸೇರುವುದು ಸ್ಟ್ಯಾಂಪ್‌ಗೆ, ಮಿಕ್ಕದ್ದು ಪ್ರತ್ಯಯ.

ಹಾಗಾದರೆ ನಿಜವಾದ ನೆಂಟರನ್ನು ಗುರುತಿಸುವುದು ಹೇಗೆ? ಇಲ್ಲಿ ಕನ್ನಡದ ಮಕ್ಕಳಿಗೆ ಅನುಕೂಲ ಹೆಚ್ಚು. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಅಕ್ಷರ ಬೇರೆಯಾದರೂ ಬದಲಾವಣೆಯಲ್ಲಿ ಒಂದು ಕ್ರಮ ಇದೆ. ಹೀಗೆಯೇ ಸಂಸ್ಕೃತಕ್ಕೂ ಇಂಗ್ಲಿಷಿಗೂ ಹಿಂದಿದ್ದ ಒಂದೇ ಮೂಲಭಾಷೆಯ ಪ ಎಂಬುದು ಸಂಸ್ಕೃತದಲ್ಲಿ ಉಳಿದು, ಇಂಗ್ಲಿಷಿನಲ್ಲಿ ಫ ಆಗಿದೆ: ಪಾದಕ್ಕೆ ಫುಟ್, ಪಿತೃವಿಗೆ ಫಾದರ್, ಪಂಚಕ್ಕೆ ಫೈವ್. ದ ಎಂಬುದು ಟ ಆಗಿದೆ: ದಶಕ್ಕೆ ಟೆನ್, ದಂತಕ್ಕೆ ಟೂತ್. 1822ರಲ್ಲಿ ಜರ್ಮನಿಯ ಯಾಕೊಬ್ ಗ್ರಿಮ್ ಈ ಕ್ರಮವನ್ನು ವಿವರವಾಗಿ ನಿರೂಪಿಸಿದ. ಅಂದಮೇಲೆ ಪೆಡಲ್‌ಗೆ ರಕ್ತಸಂಬಂಧಿ ಫುಟ್ ಮತ್ತು ಪಾದವೇ ಹೊರತು ಅದೇ ಅಕ್ಷರ ಹೊತ್ತ ಪೆಡಗಾಗಿ ಅಲ್ಲ. ತದ್ವಿರುದ್ಧವಾಗಿ, ಡೇ ಮತ್ತು ಡೈರಿ ನೋಡಿದರೆ ಅಕ್ಕತಂಗಿಯರಂತೆ ಕಾಣುತ್ತವೆ. ದಿನಚರಿಯ ಡೈರಿ ಲ್ಯಾಟಿನ್ ‘ದಿಯೆಸ್’ನದು, ಇಂಗ್ಲಿಷಿನ ಡೇ ಬೇರೆ ವಂಶದ್ದು. ಹಾಲಿನ ಡೈರಿ ಮೂರನೆಯದು, ಹಿಟ್ಟು ನಾದುವ ಹೆಣ್ಣಾಳಿಗಿದ್ದ ಹಳೆಯ ಇಂಗ್ಲಿಷ್ ಹೆಸರಿನಿಂದ ಬಂದದ್ದು. ಕನ್ನಡ ಲಿಪಿಯಲ್ಲಂತೂ ಇವೆರಡೂ ಒಂದೇ ಆಗಿಬಿಡುತ್ತವೆ!

ಪದವನ್ನು ಒಡೆಯುವಾಗ ಮೊದಲು ನೋಡಬೇಕಾದದ್ದು ಉಳಿದ ಚೂರನ್ನು. ಪೆಡ್ ತೆಗೆದ ಮೇಲೆ ಉಳಿದದ್ದಕ್ಕೆ ಅರ್ಥ ಇರಬೇಕು, ಆ ಚೂರು ಬೇರೆ ಕಡೆಯೂ ಅದೇ ಅರ್ಥದಲ್ಲಿ ಬರಬೇಕು. ಆಮೇಲೆ ನಿಘಂಟು. ಆಕ್ಸ್‌ಫರ್ಡಿನ ಕನ್ಸೈಸ್‌ನಂಥ ನಿಘಂಟಿನಲ್ಲಿ ಒಂದೇ ಸ್ಪೆಲ್ಲಿಂಗಿನ ಪದ ತಲೆಯ ಮೇಲೆ 1, 2, 3 ಎಂದು ಚಿಕ್ಕ ಅಂಕೆ ಹೊತ್ತು ಬೇರೆ ಬೇರೆ ನಮೂದಾಗಿ ನಿಂತಿದ್ದರೆ ಮೂಲ ಬೇರೆ ಎಂದು ಅರ್ಥ. ಒಂದೇ ನಮೂದಿನ ಒಳಗೆ 1, 2, 3 ಬಂದರೆ ಅವು ಒಂದೇ ಪದದ ಹಲವು ಅರ್ಥಗಳು. ಮಕ್ಕಳು ತಪ್ಪುವುದು ಈ ಎರಡು ಬಗೆಯ ಅಂಕೆಗಳನ್ನು ಕಲಸಿಕೊಂಡು. ಡಾಕ್ ಪದ ತೆಗೆದು ತೋರಿಸಿ: ಕೊಲಾಬಾದ ಸಸೂನ್ ಡಾಕ್‌ನಲ್ಲಿರುವುದು ಡಚ್ ನಾವಿಕರ ಕಡೆಯಿಂದ ಬಂದ ಪದ, ಆರೋಪಿ ನಿಲ್ಲುವ ಕಟಕಟೆಯ ಡಾಕ್ ಪಂಜರ ಎಂಬ ಅರ್ಥದ ಫ್ಲೆಮಿಶ್ ಪದ, ಸಂಬಳ ಕತ್ತರಿಸುವ ಡಾಕ್ ಪ್ರಾಣಿಯ ಬಾಲ ಕತ್ತರಿಸುವುದರಿಂದ ಬಂದದ್ದು. ಮೂರು ಪದ, ಮೂರು ನಮೂದು. ಇದಕ್ಕೊಂದು ಅಪವಾದವೂ ಉಂಟು. ನದಿಯ ಬ್ಯಾಂಕ್, ದುಡ್ಡಿನ ಬ್ಯಾಂಕ್ ಎರಡು ನಮೂದುಗಳಾಗಿದ್ದರೂ ಇನ್ನೂ ಹಿಂದಕ್ಕೆ ಹೋದರೆ ಬೆಂಚಿನ ಮನೆಯಲ್ಲಿ ಕೂಡುತ್ತವೆ. ಇಂಗ್ಲಿಷಿಗೆ ಬಂದ ದಾರಿ ಬೇರೆ ಬೇರೆಯಾದ್ದರಿಂದ ನಮೂದೂ ಬೇರೆ.

ಸ್ಪೆಲ್ಲಿಂಗೇ ಸುಳ್ಳು ಹೇಳುವುದೂ ಇದೆ. ಫೀಮೇಲ್ ಪದ ಮೇಲ್‌ನಿಂದ ಹುಟ್ಟಿದ್ದಲ್ಲ. ಫ್ರೆಂಚಿನ ‘ಫೆಮೆಲ್’ ಅನ್ನು ಇಂಗ್ಲಿಷರು ಮೇಲ್‌ಗೆ ಜೋಡಿಯಾಗಲಿ ಎಂದು ತಿದ್ದಿ ಬರೆದರು. ಐಲ್ಯಾಂಡ್‌ನ ಎಸ್ ಕೂಡ ಹಾಗೆಯೇ ನಡುವೆ ನುಸುಳಿದ್ದು.

ಇದರಲ್ಲಿ ಮಾರ್ಕಿಗಿಂತ ದೊಡ್ಡ ವಿಷಯ ಒಂದೇ ಒಂದು. ಪಟ್ಟಿಯಲ್ಲಿ ‘ಇನ್ ಎಂದರೆ ಇಲ್ಲ’ ಎಂದಿದೆ. ಹಾಗಾದರೆ ಇನ್‌ಫ್ಲೇಮಬಲ್ ಎಂದು ಬರೆದ ಟ್ಯಾಂಕರ್ ಬೆಂಕಿ ಹಿಡಿಯುವುದಿಲ್ಲವೇ? ತೈಲ ಶುದ್ಧೀಕರಣ ಘಟಕಗಳಿರುವ ಚೆಂಬೂರು, ಮಾಹುಲ್ ಕಡೆಯ ಮಕ್ಕಳು ದಿನಾ ನೋಡುವ ಪದ ಅದು. ಅಲ್ಲಿನ ‘ಇನ್’ ನಿಷೇಧದ್ದಲ್ಲ, ‘ಒಳಕ್ಕೆ’ ಎಂಬುದು. ಜ್ವಾಲೆಗೆ ಒಳಗಾಗುವಂಥದ್ದು ಎಂದು ಅರ್ಥ. ಈ ಗೊಂದಲದಿಂದ ಅಪಾಯವಾದೀತೆಂದೇ ಅಮೆರಿಕದಲ್ಲಿ 1920ರ ದಶಕದಿಂದ ಬೆಂಕಿ ಸುರಕ್ಷತೆಯವರು ‘ಫ್ಲೇಮಬಲ್’ ಎಂದಷ್ಟೇ ಬರೆಯಿರಿ ಎಂದು ಒತ್ತಾಯಿಸಿದರು. ಎರಡಕ್ಕೂ ಅರ್ಥ ಒಂದೇ.

ತಪ್ಪಾಗಿ ಒಡೆದದ್ದೇ ಕಡೆಗೆ ಸರಿಯಾಗಿ ನಿಂತದ್ದೂ ಇದೆ ಎಂದು ಒಪ್ಪಬೇಕು. ಹ್ಯಾಂಬರ್ಗರ್ ಎಂದರೆ ಹ್ಯಾಂಬರ್ಗ್ ಊರಿನದು. ಅದರಲ್ಲಿ ಹಂದಿಮಾಂಸದ ಹ್ಯಾಮ್ ಇಲ್ಲ. ಜನ ಹ್ಯಾಮ್ ಎಂದು ಕತ್ತರಿಸಿದರು, ಬರ್ಗರ್ ಎಂಬ ಹೊಸ ಪದ ಹುಟ್ಟಿತು. ಈಗ ವೆಜ್ ಬರ್ಗರ್ ಎಂದರೆ ಯಾವ ನಿಘಂಟೂ ಆಕ್ಷೇಪಿಸದು. ಆದರೆ ಅದು ಭಾಷೆ ಆಡುವವರ ಸ್ವಾತಂತ್ರ್ಯ, ಉತ್ತರಪತ್ರಿಕೆ ಬರೆಯುವವರದಲ್ಲ.

ಮುಂದಿನ ಪಟ್ಟಿ ಅಚ್ಚಿಗೆ ಹೋಗುವ ಮುನ್ನ ಪ್ರತಿ ಬೇರಿನ ಪಕ್ಕದಲ್ಲಿ ಅದು ಯಾವ ಭಾಷೆಯದು ಎಂದು ಒಂದು ಅಂಕಣ, ಅದೇ ಅಕ್ಷರ ಇದ್ದೂ ಆ ಗುಂಪಿಗೆ ಸೇರದ ಎರಡು ಪದಗಳಿಗೆ ಇನ್ನೊಂದು ಅಂಕಣ ಕೊಡಿ. ಜಾಗ ಸಾಲದಿದ್ದರೆ ಬೇರುಗಳ ಸಂಖ್ಯೆ ಇಳಿಸಿ. ಇಪ್ಪತ್ತರ ಬದಲು ಎಂಟು ಸಾಕು. ಈಗ ಅಚ್ಚಾಗಿರುವ ಪಟ್ಟಿಯಲ್ಲಿ ಪೆಡ್ ಮತ್ತು ಇನ್ ಎಂಬ ಎರಡು ಸಾಲಿಗಾದರೂ ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿ.

— ನಿವೃತ್ತ ಇಂಗ್ಲಿಷ್ ಶಿಕ್ಷಕಿ, ಮುಲುಂಡ್, ಮುಂಬೈ