ಟ್ಯೂಬಿಂಗೆನ್ ತೋರಿಸಲು ಹೊರಟವಳಿಗೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಶನಿವಾರ ಹನ್ನೆರಡು ಜನ ಕನ್ನಡಿಗರಿಗೆ ಜರ್ಮನಿಯ ಟ್ಯೂಬಿಂಗೆನ್ ಊರು ಸುತ್ತಿಸಲು ಒಪ್ಪಿಕೊಂಡೆಯಂತೆ, ಸಂತೋಷ. ಆದರೆ ನೀನು ಕಳಿಸಿದ ಪಟ್ಟಿಯಲ್ಲಿ ಇಪ್ಪತ್ತೆರಡು ಜಾಗ ಇವೆಯಲ್ಲೇ! ಎರಡು ಗಂಟೆಗೆ ಎಂಟು ಸಾಕು. ಕಲ್ಲುಹಾಸಿನ ಏರುದಾರಿ, ಮಂಡಿನೋವಿನವರೂ ಇರುತ್ತಾರೆ. ಮೂರರಲ್ಲೊಂದು ಪಾಲು ಸಮಯ ಬರೀ ನಡೆಯುವುದಕ್ಕೇ ಹೋಗುತ್ತದೆ. ರಬ್ಬರ್ ಅಟ್ಟೆಯ ಶೂ ಹಾಕಿಕೊಂಡು ಬರಲು ಹಿಂದಿನ ದಿನವೇ ಹೇಳು. ಮಳೆ ಬಿದ್ದರೆ ಆ ಕಲ್ಲುಗಳು ಜಾರುತ್ತವೆ.

ನೆಕ್ಕರ್ ನದಿಯ ಎಬರ್‌ಹಾರ್ಡ್ ಸೇತುವೆಯ ಮೇಲೆ ಶುರು ಮಾಡು. ನದಿಯಂಚಿನ ಬಣ್ಣದ ಮನೆಗಳ ಸಾಲು ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ. 1477ರಲ್ಲಿ ವಿಶ್ವವಿದ್ಯಾಲಯ ಕಟ್ಟಿಸಿದ ಎಬರ್‌ಹಾರ್ಡ್ ದೊರೆಯ ಮಾತನ್ನು ಅಲ್ಲೇ ಮುಗಿಸು. ಬಿಸಿಲು ನಿನ್ನ ಮುಖಕ್ಕೆ ಬೀಳಲಿ, ಅವರ ಬೆನ್ನಿಗಿರಲಿ. ಕಣ್ಣು ಕಿರಿದು ಮಾಡಿಕೊಂಡು ನಿಂತವರಿಗೆ ಕಿವಿಯೂ ಕೇಳಿಸುವುದಿಲ್ಲ. ಕಡೆಯವರು ಬಂದು ಸೇರುವ ತನಕ ಬಾಯಿ ತೆರೆಯಬೇಡ. ಗುಂಪಿನಲ್ಲೇ ಒಬ್ಬರಿಗೆ 'ನೀವೇ ಬಾಲ' ಎಂದು ಹೇಳಿ ಹಿಂದೆ ನಿಲ್ಲಿಸಿಬಿಡು.

ಅಲ್ಲಿಂದ ಎಡಕ್ಕೆ ಬುರ್ಸಾ ಓಣಿ ಹಿಡಿದು ಹಳದಿ ಗೋಪುರಕ್ಕೆ. ಕವಿ ಹ್ಯೋಲ್ಡರ್ಲಿನ್ ಬಡಗಿಯೊಬ್ಬನ ಆಸರೆಯಲ್ಲಿ 1807ರಿಂದ 1843ರವರೆಗೆ, 36 ವರ್ಷ, ಇದ್ದದ್ದು ಇಲ್ಲಿ. 'ಇದೇ ಗೋಡೆ, ಇದೇ ಕಿಟಕಿ' ಅನ್ನಬೇಡ. 1875ರಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದ್ದು. ಮುಂದೆ ಸ್ಟಿಫ್ಟ್ ಎಂಬ ಕ್ರೈಸ್ತ ವಿದ್ಯಾಮಠ: ಖಗೋಳಜ್ಞ ಕೆಪ್ಲರ್ ಓದಿದ, ತತ್ತ್ವಜ್ಞಾನಿಗಳಾದ ಹೆಗೆಲ್, ಷೆಲ್ಲಿಂಗ್ ಜೊತೆ ಹ್ಯೋಲ್ಡರ್ಲಿನ್ ಒಂದೇ ಕೋಣೆಯಲ್ಲಿದ್ದ ಜಾಗ. ತತ್ತ್ವಶಾಸ್ತ್ರಕ್ಕೆ ಇಳಿದೆಯೋ, ಅರ್ಧ ಜನ ಫೋನ್ ತೆಗೆಯುತ್ತಾರೆ. ಐದು ನಿಮಿಷ ಸಾಕು.

ಕೋಟೆಯನ್ನು ಕೊನೆಗೆ ಇಟ್ಟುಕೊಳ್ಳಬೇಡ, ಕಾಲಲ್ಲಿ ಕಸುವಿರುವಾಗಲೇ ಹತ್ತಿಸು. ಅಲ್ಲಿನ ಅಡುಗೆಮನೆಯೇ ಪ್ರಯೋಗಾಲಯವಾಗಿತ್ತು. 1869ರಲ್ಲಿ ವಿಜ್ಞಾನಿ ಫ್ರೀಡ್ರಿಶ್ ಮೀಶರ್ ಆಸ್ಪತ್ರೆಯ ಕೀವು ಮೆತ್ತಿದ ಬ್ಯಾಂಡೇಜುಗಳನ್ನು ತರಿಸಿ, ತೊಳೆದು, ಬಿಳಿ ರಕ್ತಕಣ ಬೇರ್ಪಡಿಸಿ, ಅವುಗಳ ನಡುಬೀಜದಿಂದ (ನ್ಯೂಕ್ಲಿಯಸ್) ಹೊಸದೊಂದು ವಸ್ತು ತೆಗೆದು 'ನ್ಯೂಕ್ಲೀನ್' ಎಂದು ಹೆಸರಿಟ್ಟ. ನಾವೀಗ ಡಿಎನ್‌ಎ ಎನ್ನುವುದು ಅದೇ. ಅದರ ಸುರುಳಿ ಏಣಿಯ ರೂಪ ತಿಳಿದದ್ದು 1953ರಲ್ಲಿ, ಇಂಗ್ಲೆಂಡಿನಲ್ಲಿ. ಎರಡನ್ನೂ ಕಲಸಿ ಹೇಳುವವರೇ ಹೆಚ್ಚು. ಕೀವಿನ ವಿಷಯ ಮಾತ್ರ ಊಟಕ್ಕೆ ಮುಂಚೆಯೇ ಹೇಳಿಬಿಡು.

ಇಳಿದು ಬಂದರೆ ಮಾರುಕಟ್ಟೆ ಚೌಕ. ಪುರಭವನದ ಮೇಲೆ ಯೊಹಾನೆಸ್ ಸ್ಟೋಫ್ಲರ್ 1511ರಲ್ಲಿ ಮಾಡಿದ ಖಗೋಳ ಗಡಿಯಾರ ಇದೆ. ಇಲ್ಲಿ ಮಾತ್ರ ಅವಸರ ಮಾಡಬೇಡ. ಸೂರ್ಯನ ಮುಳ್ಳು, ಚಂದ್ರನ ಮುಳ್ಳು ಎಲ್ಲರಿಗೂ ಕಾಣುತ್ತವೆ. ಇನ್ನೊಂದು ಹಾವಿನಂಥ ಮುಳ್ಳು ಇದೆ, ಡ್ರ್ಯಾಗನ್ನಿನದು. ಸೂರ್ಯಪಥವನ್ನು ಚಂದ್ರನ ಪಥ ಕತ್ತರಿಸುವ ಎರಡು ಬಿಂದುಗಳನ್ನು ಅದು ತೋರಿಸುತ್ತದೆ. ಒಂದು ಸುತ್ತಿಗೆ ಸುಮಾರು 18.6 ವರ್ಷ. 'ನಮ್ಮ ರಾಹು ಕೇತು' ಅನ್ನು, ಮಿಕ್ಕದ್ದನ್ನು ಪಂಚಾಂಗ ನೋಡುವವರೇ ವಿವರಿಸುತ್ತಾರೆ. ಸಂತೆಯ ದಿನವಾದರೆ ಚೌಕದ ಮಧ್ಯೆ ನಿಲ್ಲಿಸಬೇಡ, ಗುಂಪು ತರಕಾರಿ ಅಂಗಡಿಗಳಿಗೆ ಚದುರಿಹೋಗುತ್ತದೆ.

ಮುಂಟ್ಸ್ ಓಣಿಯಲ್ಲಿ ಜರ್ಮನ್ ಮಹಾಕವಿ ಗಯಟೆಯ ಹೆಸರಿನ ಎರಡು ಫಲಕಗಳಿವೆ: 'ಇಲ್ಲಿ ಗಯಟೆ ವಾಸವಾಗಿದ್ದ' ಎಂಬ ಫಲಕ, ಪಕ್ಕದ ಮನೆಯ ಮೇಲೆ 'ಇಲ್ಲಿ ಗಯಟೆ ವಾಂತಿ ಮಾಡಿದ' ಎಂಬ ತುಂಟ ಫಲಕ. ಓದಿ ಹೇಳಿ ನಗಿಸು, ಮುಂದೆ ನಡೆ.

ಕೊನೆಗೆ ಹೋಲ್ಟ್ಸ್‌ಮಾರ್ಕ್ಟ್ ಚೌಕದಲ್ಲಿ ಚರ್ಚಿನ ಮೆಟ್ಟಿಲ ಮೇಲೆ ಕೂರಿಸು. ಗಂಟೆ ಬಾರಿಸಿದಾಗ ಸುಮ್ಮನಿರು, ಅದರೊಂದಿಗೆ ಕೂಗಿ ಗೆಲ್ಲಲಾಗದು. ಅಲ್ಲೇ ಇರುವ ಹೆಕೆನ್‌ಹೌವರ್ ಪುಸ್ತಕದಂಗಡಿಯಲ್ಲಿ 1895ರಿಂದ 1899ರವರೆಗೆ ಕಾದಂಬರಿಕಾರ ಹರ್ಮನ್ ಹೆಸ್ಸೆ ಕೆಲಸ ಮಾಡಿದ. ಅವನ ತಾಯಿಯ ತಂದೆಯೇ ಮಲಯಾಳಂ ನಿಘಂಟಿನ ಗುಂಡರ್ಟ್. ನಮ್ಮ ಕಿಟೆಲ್ಲರ ಕನ್ನಡ ನಿಘಂಟು ಮಂಗಳೂರಲ್ಲಿ ಅಚ್ಚಾದದ್ದು 1894ರಲ್ಲಿ. 1896ರಲ್ಲಿ ಇದೇ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, 1903ರಲ್ಲಿ ಇದೇ ಊರಲ್ಲಿ ತೀರಿಕೊಂಡರು. ಹೆಸ್ಸೆಯೂ ಕಿಟೆಲ್ಲರೂ ಭೇಟಿಯಾದರೆಂದು ಮಾತ್ರ ಕತೆ ಕಟ್ಟಬೇಡ. ಬೆಂಗಳೂರಿನ ಎಂ.ಜಿ. ರಸ್ತೆಯ ಕಿಟೆಲ್ ಪ್ರತಿಮೆ ನೋಡಿದವರಿದ್ದರೆ ಅವರಿಗೇ ಮಾತು ಬಿಡು, ನೀನು ನೀರು ಕುಡಿ.

ದೋಣಿಯಲ್ಲಿ ಹೋಗೋಣ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಚಪ್ಪಟೆ ತಳದ, ಕೋಲು ಊರಿ ನಡೆಸುವ ದೋಣಿ; ಚಳಿಗಾಲದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮೊದಲೇ ಕಾಯ್ದಿರಿಸದೆ ಹೂಂ ಅನ್ನಬೇಡ.

ಇಂತಿ,
ನಿನ್ನ ದೊಡ್ಡಮ್ಮ