ಕವಡೆ ಕಂಠೀರವನ ಕಡೆಯಿಂದ ನಮಸ್ಕಾರ

ಭಾನುವಾರದ ಆಟದೊಂದಿಗೆ ನಮ್ಮ ಮಕ್ಕಳ ನಾಟಕ 'ಕವಡೆ ಕಂಠೀರವ'ದ ಈ ವರ್ಷದ ಪ್ರದರ್ಶನಗಳು ಮುಗಿದವು. ಗೊತ್ತುಮಾಡಿದ್ದ ಸಭಾಂಗಣ ಕಡೇ ಗಳಿಗೆಯಲ್ಲಿ ಕೈಕೊಟ್ಟಾಗ ತಮ್ಮ ಮನೆಯ ತಾರಸಿ ಬಿಟ್ಟುಕೊಟ್ಟವರಿಗೆ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಿಂದೆ ನಿಂತೇ ನೋಡಿದ ಅಪ್ಪಂದಿರಿಗೆ ಮೊದಲ ನಮಸ್ಕಾರ.

ನೋಡದವರಿಗಾಗಿ ಹೇಳಿಬಿಡುತ್ತೇನೆ. ನಾನು ಮಾಡುವ ಕಂಠೀರವ ಸೂಪರ್‌ಹೀರೋ. ಶಕ್ತಿ ಮಾತ್ರ ಅವನ ಕೈಯಲ್ಲಿಲ್ಲ. ಪ್ರೇಕ್ಷಕರಲ್ಲಿ ಒಂದು ಮಗು ಬಂದು ನಾಲ್ಕು ಕವಡೆ ಹಾಕಬೇಕು. ಚೌಕಾಬಾರ ಆಟದ್ದೇ ಲೆಕ್ಕ: ಅಂಗಾತ ಬಿದ್ದ ಕವಡೆ ಎಷ್ಟೋ ಅಷ್ಟು. ಒಂದು ಬಿದ್ದರೆ ಪೊರಕೆ ಎತ್ತುವಷ್ಟು ಬಲ, ನಾಲ್ಕೂ ಅಂಗಾತ ಬಿದ್ದು ಚೌಕಾ ಆದರೆ ಬೀರು ಎತ್ತುವಷ್ಟು, ನಾಲ್ಕೂ ಬೋರಲು ಬಿದ್ದು ಬಾರಾ ಆದರೆ ಹಾರಾಟ. ಮಾರ್ವೆಲ್ ಕಾಮಿಕ್ಸ್‌ನ ಡಾಮಿನೊಗೂ ಅದೃಷ್ಟವೇ ಶಕ್ತಿ, ಆದರೆ ಅದು ಸದಾ ಅವಳ ಕಡೆಗೇ ವಾಲುತ್ತದೆ. ಅದೇ ಮಾರ್ವೆಲ್‌ನಲ್ಲಿ 1985ರಲ್ಲಿ ಬಂದ ಲಾಂಗ್‌ಶಾಟ್ ಎಂಬ ಹೀರೋಗೆ ಮನಸ್ಸು ಶುದ್ಧವಾಗಿದ್ದರೆ ಅದೃಷ್ಟ ಒಲಿಯುತ್ತದೆ. ನಮ್ಮವನ ಮನಸ್ಸು ಅಪ್ಪಟ ಚಿನ್ನ, ಬೀಳುವುದು ಒಂದು! ಖಳನಾಯಕ "ನಿನಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ ಕಣೋ" ಅಂದಾಗಲೆಲ್ಲ ಮಕ್ಕಳೇ ಅವನ ಜೊತೆ ಜಗಳಕ್ಕೆ ನಿಂತರು. ಆ ಮಕ್ಕಳಿಗೆ ನಾನು ಋಣಿ.

ಆದರೆ ಮುಖ್ಯವಾಗಿ ಹೇಳಬೇಕಾದ್ದು ಪರದೆಯ ಹಿಂದಿನವರ ಬಗ್ಗೆ. ನೀವು ನೋಡಿದ್ದು ಬಿದ್ದ ಗರವನ್ನು ಮಾತ್ರ. ಅವರು ಒಂದು, ಎರಡು, ಮೂರು, ಚೌಕಾ, ಬಾರಾ ಐದಕ್ಕೂ ತಯಾರಾಗಿರಬೇಕಿತ್ತು. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಅಂದುಕೊಂಡರೂ ಬಾರಾ ಬೀಳುವುದು 16ರಲ್ಲಿ 1 ಸಲ. ಅದಕ್ಕಾಗಿ ಇಬ್ಬರು ಹುಡುಗರು ಪ್ರತಿ ಆಟದಲ್ಲೂ ನನ್ನನ್ನು ಮೇಲೆತ್ತುವ ಹಗ್ಗ ಹಿಡಿದು ಸೈಡ್‌ವಿಂಗ್‌ನಲ್ಲಿ ಕೂತಿರುತ್ತಿದ್ದರು. ಎಷ್ಟೋ ಸಂಜೆ ಹಗ್ಗ ಸುತ್ತಿಟ್ಟು, ಟೀ ಕುಡಿದು ಮನೆಗೆ ಹೋದರು.

ಕಡೆಯ ಆಟದಲ್ಲಿ ಲಂಗ ತೊಟ್ಟ ಪುಟ್ಟ ಹುಡುಗಿಯೊಬ್ಬಳು ಮುಷ್ಟಿಗೆ ಉಫ್ ಅಂತ ಊದಿ ಹಾಕಿದಳು. ಮೂರು ಬೋರಲು, ನಾಲ್ಕನೆಯದು ಉರುಳಿ ಮುಂದಿನ ಸಾಲಿನ ಕುರ್ಚಿಯಡಿ ಸೇರಿತು. ಅದೂ ಬೋರಲು. "ಉರುಳಿದ್ದು ಲೆಕ್ಕಕ್ಕಿಲ್ಲ" ಅಂತ ಒಬ್ಬರು. "ನಮ್ಮನೇಲಿ ಲೆಕ್ಕಕ್ಕಿದೆ" ಅಂತ ಅಜ್ಜಿಯೊಬ್ಬರು. ಅಜ್ಜಿ ಗೆದ್ದರು, ನಾನು ಮೇಲೇರಿದೆ. ಬಾರಾ ಬಿದ್ದರೆ ಇನ್ನೊಂದು ಗರ ಉಂಟಲ್ಲ! ಹುಡುಗಿ ಮತ್ತೆ ಹಾಕಿದಳು, ಬಿತ್ತು ಒಂದು. ಹೀಗಾಗಿ ಕಂಠೀರವ ಗಾಳಿಯಲ್ಲಿ ತೇಲುತ್ತಾ ಪೊರಕೆಯಲ್ಲೇ ಊರು ಉಳಿಸಬೇಕಾಯಿತು. ಬೆಳಕಿನವರು ಹಾರಾಟದ ನೀಲಿಯನ್ನೂ ಪೊರಕೆಯ ಹಳದಿಯನ್ನೂ ಒಟ್ಟಿಗೇ ಬಿಟ್ಟರು. ತಾಲೀಮಿನಲ್ಲಿ ಇಲ್ಲದ ಬೆಳಕು ಅದು. ಮುಂದಿನ ವರ್ಷ ಅದನ್ನು ಬರೆದಿಟ್ಟುಕೊಳ್ಳುತ್ತೇವೆ.

ಆ ಅಜ್ಜಿ ಯಾರೆಂದು ಗೊತ್ತಿದ್ದವರು ನಮ್ಮ ನಮಸ್ಕಾರ ಮುಟ್ಟಿಸಿ. ಪ್ರತಿ ಸಲ ಹರಿದ ಕೇಪನ್ನು ಬೈಯುತ್ತಲೇ ಹೊಲಿದುಕೊಟ್ಟ ಟೈಲರ್ ಅಣ್ಣ, ನಿಮ್ಮ ಬಾಕಿ ಈ ವಾರವೇ ತಂದುಕೊಡುತ್ತೇನೆ. ಕವಡೆ ಹಾಕಿ ನೋಡಿ ಅಲ್ಲ, ಖಂಡಿತ.