ಕಸೂತಿ ಹಾಕಿದವಳ ಹೆಸರೂ ಉಳಿಯಲಿ

ಮಾನ್ಯರೇ,

ಅಮೆರಿಕದ ಪ್ಲಿಮತ್‌ನಲ್ಲಿರುವ ಪಿಲ್‌ಗ್ರಿಮ್ ಹಾಲ್ ವಸ್ತುಸಂಗ್ರಹಾಲಯದಲ್ಲಿ ಲೋರಾ ಸ್ಟ್ಯಾಂಡಿಶ್ ಎಂಬ ಹುಡುಗಿ ಸುಮಾರು 1653ರಲ್ಲಿ ಕಸೂತಿ ಹಾಕಿದ ಉದ್ದನೆಯ ಬಟ್ಟೆಯಿದೆ. ಹುಡುಗಿಯರು ಹೊಲಿಗೆ ಕಲಿಯುತ್ತ ಕಸೂತಿ ಹಾಕುತ್ತಿದ್ದ, ಆ ದೇಶದಲ್ಲೇ ತಯಾರಾಗಿ ಇಂದಿಗೂ ಉಳಿದಿರುವ ಇಂಥ ಮಾದರಿ ಬಟ್ಟೆಗಳಲ್ಲಿ ಇದೇ ಅತಿ ಹಳೆಯದೆಂದು ಗುರುತಿಸಲಾಗಿದೆ. ಕೈಗಳಿಗೆ ತಕ್ಕ ಕುಶಲತೆ ಕೊಡು ಎಂದು ದೇವರನ್ನು ಬೇಡುವ ಸಾಲುಗಳ ಜೊತೆ ತನ್ನ ಹೆಸರನ್ನೂ ಅವಳು ಹೊಲಿದಿದ್ದಾಳೆ. 1620ರಲ್ಲಿ ಇಂಗ್ಲೆಂಡಿನ ವಲಸಿಗರನ್ನು ಅಮೆರಿಕಕ್ಕೆ ಕರೆತಂದ ಮೇಫ್ಲವರ್ ಹಡಗಿನಲ್ಲಿ ಬಂದ ಸೇನಾನಿ ಮೈಲ್ಸ್ ಸ್ಟ್ಯಾಂಡಿಶ್ ಅವಳ ತಂದೆ. ಮಗಳು ಮೊದಲೇ ತೀರಿಕೊಂಡಳು; ತನ್ನನ್ನು ಅವಳ ಹತ್ತಿರವೇ ಹೂಳಬೇಕೆಂದು ಆತ ಉಯಿಲಿನಲ್ಲಿ ಬರೆಸಿದ. ತಂದೆಗೆ ಪ್ಲಿಮತ್ ಹತ್ತಿರದ ಡಕ್ಸ್‌ಬರಿ ಊರಿನಲ್ಲಿ ಎತ್ತರದ ಸ್ಮಾರಕವಿದೆ. ನನಗೆ ಈ ಬಟ್ಟೆಯೇ ದೊಡ್ಡದು.

ನಮ್ಮಲ್ಲೂ ಅಜ್ಜಿಯರು ಶಾಲೆಯ ಹೊಲಿಗೆ ತರಗತಿಯಲ್ಲಿ ಹಾಕಿದ ಕಸೂತಿ ಎಷ್ಟೋ ಮನೆಗಳ ಟ್ರಂಕಿನಲ್ಲಿದೆ. ದಯವಿಟ್ಟು ಎಸೆಯಬೇಡಿ. ಹೊಲಿದವರ ಹೆಸರು, ಊರು, ಶಾಲೆ, ತಾಯಿಯ ಹೆಸರನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ.

– ಓದುಗರೊಬ್ಬರು, ಧಾರವಾಡ